ಅರ್ಧ ಕುರ್ಚಿಯ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಸೋಮಶೇಖರ್ ಯಾವ ಕುರ್ಚಿಯಲ್ಲೂ ಪೂರ್ತಿ ಕೂತದ್ದನ್ನು ನಾನು ನೋಡಿಲ್ಲ. ಯಾರೋ ಈಗಲೇ ಕರೆದುಬಿಡುತ್ತಾರೆ ಎನ್ನುವಂತೆ ಕುರ್ಚಿಯ ಮುಂದಿನ ಅಂಚಿನಲ್ಲಿ, ಒಂದು ಕಾಲನ್ನು ಬಾಗಿಲ ಕಡೆಗೆ ಚಾಚಿ ಕೂರುತ್ತಾರೆ. ಊಟಕ್ಕೆ ಕೂತರೂ ಹಾಗೆಯೇ, ಮದುವೆಮನೆಯಲ್ಲೂ ಹಾಗೆಯೇ, ಹಲ್ಲಿನ ಡಾಕ್ಟರ ಹತ್ತಿರವೂ ಹಾಗೆಯೇ ಕೂತು ಬೈಸಿಕೊಂಡು ಬಂದರೆಂದು ದೊಡ್ಡಮ್ಮ ನೇತ್ರಾವತಿ ಹೇಳುತ್ತಾರೆ. ವಸಂತನರಸಾಪುರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಅವರಿಗೆ ಕೆಲಸ. ಅಲ್ಲಿ ಕೊಟ್ಟ ನೀಲಿ ಜರ್ಕಿನ್ನು ಬಿಸಿಲಿರಲಿ ಚಳಿಯಿರಲಿ ಮೈಮೇಲೆ ಇದ್ದೇ ಇರುತ್ತದೆ. ಯೋಚನೆಗೆ ಬಿದ್ದರೆ ಅದರ ಜಿಪ್ಪನ್ನು ಹೊಟ್ಟೆಯಿಂದ ಗಂಟಲವರೆಗೆ ಸರ್ರನೆ ಎಳೆಯುತ್ತಾರೆ, ಮತ್ತೆ ಇಳಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಗುಬ್ಬಿಯಲ್ಲಿ ಪದವಿ ಮುಗಿಸಿ ಎಂ.ಎ. ಓದಲು ತುಮಕೂರಿಗೆ ಬಂದು, ಕುಣಿಗಲ್ ರಸ್ತೆಯ ಬದಿಯ ಅವರ ಮನೆಯಲ್ಲಿ ಇರತೊಡಗಿದ ಮೇಲೆ, ಆ ಸದ್ದಿನಿಂದಲೇ ಅವರ ಮನಸ್ಸು ಎಲ್ಲಿದೆ ಎಂದು ಊಹಿಸುವುದನ್ನು ಕಲಿತೆ. ಬಹಳ ಸಲ ಅದು ತಾರಸಿಯ ಮೇಲಿರುತ್ತಿತ್ತು.

ಮನೆ ಒಂದೇ ಅಂತಸ್ತಿನದು. ಆದರೆ ಕಂಬಗಳ ತುದಿಯಿಂದ ಕಬ್ಬಿಣದ ಕಂಬಿಗಳು ಗುಂಪುಗುಂಪಾಗಿ ಆಳೆತ್ತರ ಎದ್ದು, ಮೇಲಿನ ಅಂತಸ್ತಿಗಾಗಿ ಕಾಯುತ್ತ ನಿಂತಿದ್ದವು. ಕೆಳಗೆ ಅಣ್ಣ, ಮೇಲೆ ತಮ್ಮ ಎಂದು ಕಟ್ಟಿಸುವಾಗಲೇ ನಿಶ್ಚಯವಾಗಿತ್ತಂತೆ. ತಮ್ಮ ಎಂದರೆ ನಮ್ಮಪ್ಪ, ಕಾಂತೇಶ್. ನಾನು ಚಿಕ್ಕವಳಿದ್ದಾಗ ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಕಂಬಿಗಳ ನಡುವೆ ತಿರುಗುತ್ತ, "ಇಗೋ ಪುಟ್ಟಿ, ಇದು ನಿನ್ ರೂಮು, ಇಲ್ಲಿ ಕಿಟಕಿ" ಎಂದು ಗಾಳಿಯಲ್ಲಿ ಒಂದು ಚೌಕ ಬರೆದು ತೋರಿಸುತ್ತಿದ್ದರು. ಇಲ್ಲದ ಆ ಕಿಟಕಿಯಿಂದ ನಾನು ದೇವರಾಯನದುರ್ಗದ ಬೆಟ್ಟವನ್ನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಅಮ್ಮನಿಗೆ ಗುಬ್ಬಿಯ ಶಾಲೆಗೆ ವರ್ಗವಾಯಿತು. ಸದ್ಯಕ್ಕೆ ಇರಲಿ ಎಂದು ಅಪ್ಪ ಅಲ್ಲೇ ಒಂದು ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ಎಲ್ಲರಿಗಿಂತ ಹೆಚ್ಚು ಓಡಾಡಿ ಬಡಿಸಿದವರು ದೊಡ್ಡಪ್ಪ. ಸಂಜೆಯಾಗುವ ಮೊದಲೇ ಬಸ್ಸು ಹತ್ತಿ ಹೊರಟವರೂ ಅವರೇ. ಇನ್ನು ಮೇಲಂತಸ್ತಿಗೆ ಬರುವುದಿಲ್ಲ ಎಂದು ಅಪ್ಪ ಹೇಳಲಿಲ್ಲ, ಬರುತ್ತೀಯಾ ಎಂದು ದೊಡ್ಡಪ್ಪ ಕೇಳಲಿಲ್ಲ. ತುಕ್ಕು ಹಿಡಿಯದಿರಲೆಂದು ಪ್ರತಿ ಬೇಸಿಗೆ ಕಂಬಿಗಳಿಗೆ ಸಿಮೆಂಟಿನ ಹಾಲು ಬಳಿದು, ತುದಿಗೆ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಬೋರಲು ಹಾಕಿ, ಅವರು ಅವನ್ನು ಕಾಪಾಡಿಕೊಂಡು ಬಂದರು.

ಈ ಸಲದ ಮಳೆ ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಂಬಿಗುಂಟ ಇಳಿದ ತುಕ್ಕಿನ ನೀರು ದೇವರ ಕೋಣೆಯ ಗೋಡೆಯ ಮೇಲೆ ಕೆಂಪು ಗೆರೆ ಎಳೆಯಿತು. ಮೇಸ್ತ್ರಿ ಬಂದು ನೋಡಿ, ಒಂದೋ ಮೇಲೆ ಕಟ್ಟಿ, ಇಲ್ಲವೋ ಕಂಬಿ ಕತ್ತರಿಸಿ ತುದಿ ಮುಚ್ಚಿಸಿ, ಹೀಗೇ ಬಿಟ್ಟರೆ ಇನ್ನೆರಡು ಮಳೆಗಾಲಕ್ಕೆ ತಾರಸಿಯೇ ಕೆಡುತ್ತದೆ ಎಂದ. ವೆಲ್ಡಿಂಗ್ ಅಂಗಡಿಯವನನ್ನು ಕರೆದರೆ ಅರ್ಧ ದಿನದ ಕೆಲಸ ಎಂದೂ ಸೇರಿಸಿದ. ಬೇರೆಯವರು ಆ ಕಂಬಿಗೆ ಕೈ ಹಾಕುವುದು ಬೇಡವೆಂದು ದೊಡ್ಡಪ್ಪ ಮೆಲ್ಲಗೆ, ಆದರೆ ಖಡಾಖಂಡಿತವಾಗಿ ಹೇಳಿದರು. ಕಬ್ಬಿಣ ಕುಯ್ಯುವ ಆಂಗಲ್ ಗ್ರೈಂಡರ್ ಮಷೀನೊಂದನ್ನು ತಾವೇ ಕೊಳ್ಳುತ್ತಾರಂತೆ, ತಾವೇ ಕತ್ತರಿಸುತ್ತಾರಂತೆ.

ಹಾಗೆ ಶುರುವಾಯಿತು ಮಂಡಿಪೇಟೆಯ ಯಾತ್ರೆ. ಅಲ್ಲಿ ಅಂಜನ್‌ಕುಮಾರ್ ಎಂಬುವರ ಹಾರ್ಡ್‌ವೇರ್ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಮಷೀನುಗಳು ಅಕ್ಕಪಕ್ಕ ಬಂದು ಕೂತವು. ಒಂದು ಹೆಸರೇ ಕೇಳದ ಕಂಪನಿಯದು, ಅಗ್ಗದ್ದು. ಇನ್ನೊಂದು ಹೆಸರಾದ ಕಂಪನಿಯದು, ಬೆಲೆ ಅದರ ಮೂರರಷ್ಟು. ದೊಡ್ಡಪ್ಪ ಎರಡನ್ನೂ ಮಗುವನ್ನು ತೂಗುವಂತೆ ಕೈಯಲ್ಲಿ ತೂಗಿದರು. ಸ್ವಿಚ್ಚು ಹಾಕಿಸಿ ಕಿವಿ ಕೊಟ್ಟರು, ನಿಲ್ಲಿಸಿ ಮೈ ಮುಟ್ಟಿ ಬಿಸಿ ನೋಡಿದರು, ಕೊನೆಗೆ ಸುಟ್ಟ ವಾಸನೆ ಇದೆಯೇ ಎಂದು ಮೂಗಿನ ಹತ್ತಿರವೂ ಹಿಡಿದರು. ಅಗ್ಗದ್ದು ಬೇಗ ಕಾಯುತ್ತದೆ, ನಿಲ್ಲಿಸಿದಾಗ ಥಟ್ಟನೆ ನಿಲ್ಲುವುದಿಲ್ಲ; ಬೆಲೆಯದು ಹದವಾಗಿ ನಡೆಯುತ್ತದೆ, ಆದರೆ ಬರೀ ಮನೆ ಮಟ್ಟಿಗೆ ಅಷ್ಟು ಬೇಕೇ? ಒಂದು ವಾರ ಅಗ್ಗದ್ದು ಮನೆಗೆ ಬರುತ್ತಿತ್ತು. ಅವರು ಡಬ್ಬಿ ತೆರೆದು ನೋಡಿ, ಅದೇ ಮಡಿಕೆಯಲ್ಲಿ ಮುಚ್ಚಿ, ಮುಂದಿನ ವಾರ ವಾಪಸ್ ಕೊಟ್ಟು ಬೆಲೆಯದನ್ನು ತರುತ್ತಿದ್ದರು. ಅದೂ ಹಾಗೆಯೇ ಹಿಂತಿರುಗುತ್ತಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಅವರ ಫೋನಿನ ವಿಡಿಯೋದಲ್ಲಿ ಯಾರಾದರೊಬ್ಬರು ಪೈಪು ಕತ್ತರಿಸುತ್ತಿದ್ದರು. ಆ ಕಿರುಚಾಟದಲ್ಲಿ ನಮಗೆ ಉಪ್ಪಿಟ್ಟು ಇಳಿಯುತ್ತಿರಲಿಲ್ಲ.

"ನನ್ನ ನೋಡಕ್ ಬಂದಾಗ ಒಂದೇ ಸಲಿ ನೋಡಿ ಹ್ಞೂಂ ಅಂದ್ರು ಕಣೇ," ಎಂದರು ದೊಡ್ಡಮ್ಮ ನನಗೆ, ದೊಡ್ಡಪ್ಪನಿಗೆ ಕೇಳುವಂತೆ. "ಈ ಮಷೀನಿಗಿರೋ ಯೋಗ ನನಗಿರ್ಲಿಲ್ಲ ನೋಡು."

ಒಂದು ಶನಿವಾರ ಕಾಲೇಜಿನಿಂದ ಬರುವಾಗ ನಾನೂ ಅವರ ಜೊತೆ ಅಂಗಡಿಗೆ ಹೋದೆ. ಅಂಜನ್‌ಕುಮಾರ್ ತಾಳ್ಮೆಯ ಮನುಷ್ಯ. ಅಂದೂ ಎರಡು ಡಬ್ಬಿಗಳನ್ನು ಇಳಿಸಿ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಸರ್, ಒಂದೇ ಕೆಲ್ಸಕ್ ಆದ್ರೆ ಈ ಕಮ್ಮೀದೇ ಸಾಕು. ಕೆಲ್ಸ ಮುಗಿದ್ಮೇಲೆ ಮೂಲೇಗ್ ಬಿಸಾಕಿದ್ರೂ ಬೇಜಾರಿಲ್ಲ. ವರ್ಷಾನುಗಟ್ಲೆ ಬೇಕು ಅಂದ್ರೆ ಅದು ತಗೊಳ್ಳಿ. ನಿಮ್ದು ಒಂದೇ ಕೆಲ್ಸಾನಾ?"

ದೊಡ್ಡಪ್ಪ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಮೆಟ್ಟಿಲಿಳಿದರು. ಸ್ಕೂಟರಿನಲ್ಲಿ ಬಟವಾಡಿಯತನಕ ಸುತ್ತಿದೆವು. ನಮ್ಮ ದಾರಿ ಅದಲ್ಲ. ಒಂದು ಸಿಗ್ನಲಿನಲ್ಲಿ ನಿಂತಾಗ, ಹಿಂದೆ ತಿರುಗದೆ, "ಒಂದೇ ಕೆಲ್ಸ ಅಂತ ಎಷ್ಟ್ ಸಲೀಸಾಗಿ ಅಂದ್ಬುಟ್ಟ ನೋಡು" ಎಂದರು. ಆಗ ನನಗೆ ಅರ್ಥವಾಯಿತು: ಅಗ್ಗದ ಮಷೀನು ಕೊಂಡರೆ ಕತ್ತರಿಸುವುದೊಂದೇ ಉಳಿದ ಕೆಲಸ, ಮೇಲಂತಸ್ತು ಏಳುವುದಿಲ್ಲ ಎಂದು ಒಪ್ಪಿದಂತೆ. ಬೆಲೆಯದನ್ನು ಕೊಂಡರೆ ಅದಾದ ಮೇಲೆ ಇನ್ನೇನು ಕೆಲಸವಿದೆ ಎಂದು ಯಾರಿಗಾದರೂ ಉತ್ತರ ಹೇಳಬೇಕು. ಮತ್ತು ತಮ್ಮನನ್ನು ಒಂದು ಮಾತು ಕೇಳದೆ ಎರಡರಲ್ಲಿ ಯಾವುದನ್ನೂ ಮಾಡುವಂತಿಲ್ಲ. ಅಪ್ಪನಿಗೆ ನಾನೇ ಫೋನು ಮಾಡಿ ಹೇಳಿಬಿಡಲೇ ಎಂದು ಯೋಚಿಸಿದೆ. ಅದು ನಾನು ಆಡಬೇಕಾದ ಮಾತಲ್ಲ ಎನಿಸಿ ಬಿಟ್ಟುಬಿಟ್ಟೆ.

ಆಯುಧಪೂಜೆ ಬಂದ ವಾರ ಮನೆಯಲ್ಲಿದ್ದದ್ದು ಬೆಲೆಯ ಮಷೀನು. ಹಬ್ಬ ಕಳೆದ ಮೇಲೆ ಕೊಟ್ಟು ಬರುವುದೆಂದು ಅದನ್ನು ಬೀರುವಿನ ಪಕ್ಕ ಇಟ್ಟಿದ್ದರು. ಹಬ್ಬದ ಬೆಳಿಗ್ಗೆ ದೊಡ್ಡಪ್ಪ ಹೊರಗೆ ಸ್ಕೂಟರು ತೊಳೆಯುತ್ತಿರುವಾಗ, ದೊಡ್ಡಮ್ಮ ಅದನ್ನು ಡಬ್ಬಿಯಿಂದ ತೆಗೆದು, ಹೊಲಿಗೆ ಯಂತ್ರಕ್ಕೂ ಈಳಿಗೆಮಣೆಗೂ ನಡುವೆ ಕೂರಿಸಿದರು. ಮೂರು ಬೆರಳಲ್ಲಿ ವಿಭೂತಿ ಎಳೆದು, ಗಂಧ ಹಚ್ಚಿ, ಹೆಬ್ಬೆಟ್ಟಿನಗಲ ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಮುಡಿಸಿದರು. ಒದ್ದೆ ಕೈಯಲ್ಲಿ ಒಳಗೆ ಬಂದ ದೊಡ್ಡಪ್ಪ ನಿಂತಲ್ಲೇ ನಿಂತರು.

"ಏನ್ ಮಾಡ್ಬುಟ್ಟೆ ನೇತ್ರಾ? ವಾಪಸ್ ಕೊಡೋದದು."

"ಪೂಜೆ ಮಾಡಿದ್ ಸಾಮಾನ ಯಾರಾದ್ರೂ ವಾಪಸ್ ಕೊಟ್ಟಾರಾ? ಕೊಟ್ ಬನ್ನಿ, ನಾನೂ ನೋಡ್ತೀನಿ."

ಕುಂಕುಮ ಒರೆಸುವುದಕ್ಕೆ ಅವರಿಗೆ ಕೈ ಬರಲಿಲ್ಲ. ಹೊಲಿಗೆ ಯಂತ್ರಕ್ಕೆ ಕೈ ಮುಗಿದು, ಸ್ವಲ್ಪ ತಡೆದು, ಆ ಮಷೀನಿಗೂ ಮುಗಿದರು.

ಪೂಜೆಗೆ ಇಟ್ಟದ್ದನ್ನು ಅಂದು ಮುಟ್ಟುವಂತಿಲ್ಲ, ಮಾರನೆಯ ದಿನ ಒಂದಿಷ್ಟಾದರೂ ಕೆಲಸಕ್ಕೆ ಹಚ್ಚಬೇಕು. ಅದು ನಮ್ಮ ಮನೆಗಳ ಪದ್ಧತಿ. ವಿಜಯದಶಮಿಯ ಊಟಕ್ಕೆ ಗುಬ್ಬಿಯಿಂದ ಅಪ್ಪ ಅಮ್ಮ ಬಂದಿದ್ದರು. ಎಲೆ ತೆಗೆದ ಮೇಲೆ ದೊಡ್ಡಪ್ಪ ಯಾರಿಗೂ ಹೇಳದೆ ಮಷೀನು ಹಿಡಿದು, ವೈರು ಎಳೆದುಕೊಂಡು ತಾರಸಿ ಹತ್ತಿದರು. ಕಿಡಿ ತಡೆಯುವ ಕನ್ನಡಕ ತರುವುದು ಮರೆತು ಸ್ಕೂಟರಿನ ಹೆಲ್ಮೆಟ್ಟನ್ನೇ ಹಾಕಿಕೊಂಡರು. ಅಪ್ಪ ಹಿಂದೆಯೇ ಹೋದರು; ಅಪ್ಪನ ಹಿಂದೆ ನಾನು.

ಕತ್ತರಿಸಿದ ಕಂಬಿ ರಸ್ತೆಗೆ ಬೀಳದಂತೆ ಯಾರಾದರೂ ಹಿಡಿಯಬೇಕಿತ್ತು. ಯಾರೂ ಹೇಳದೆಯೇ ಅಪ್ಪ ಟವೆಲನ್ನು ಕೈಗೆ ಸುತ್ತಿಕೊಂಡು ಮೊದಲ ಕಂಬಿಯನ್ನು ಹಿಡಿದರು. ದೊಡ್ಡಪ್ಪ ಅತ್ತ ನಿಂತರು, ಇತ್ತ ನಿಂತರು, ಕಿಡಿ ತಮ್ಮನ ಕಡೆ ಹಾರದಂತೆ ಮತ್ತೊಂದು ಮಗ್ಗುಲಿಗೆ ಬಂದರು. ಸ್ವಿಚ್ಚಿನ ಮೇಲೆ ಬೆರಳಿಟ್ಟು, ಒತ್ತದೆ, ಹೆಲ್ಮೆಟ್ಟಿನ ಒಳಗಿನಿಂದ ಕೇಳಿದರು:

"ಕುಯ್ಲೇನ್ಲಾ, ಕಾಂತ?"

ಅಪ್ಪ ಕಂಬಿಯ ಬುಡದಿಂದ ತುದಿಯವರೆಗೆ ನೋಡಿದರು. ಅಲ್ಲಿಂದಾಚೆಗೆ, ಒಂದು ಕಾಲದಲ್ಲಿ ನನ್ನ ಕಿಟಕಿಯಿದ್ದ ಕಡೆ ನೋಡಿದರು. ಕೆಳಗೆ ರಸ್ತೆಯಲ್ಲಿ ಹೂವಿನ ಹಾರ ಹಾಕಿದ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಕುಯ್ಯಣ್ಣ," ಎಂದರು.

ಮಷೀನು ಶುರುವಾಯಿತು. ಇಷ್ಟು ವರ್ಷ ಇಬ್ಬರ ಬಾಯಿಗೂ ಬರದೆ ಉಳಿದಿದ್ದದ್ದು ಆ ಎರಡು ಮಾತಿನಲ್ಲಿ ಮುಗಿದಿತ್ತು. ಕಿಡಿಗಳು ದೊಡ್ಡಪ್ಪನ ನೀಲಿ ಜರ್ಕಿನ್ನಿನ ಮೇಲೆ ಬಿದ್ದು ಆರುತ್ತಿದ್ದವು. ಒಂದು ಕಂಬ ಮುಗಿದು ಇನ್ನೊಂದಕ್ಕೆ ಹೋಗುವಾಗ ಅಪ್ಪ, ಕೈಯ ಟವೆಲನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತ, ಎಲ್ಲೋ ನೋಡಿಕೊಂಡು ಹೇಳಿದರು: "ಅಣ್ಣ, ನಮ್ಮನೆ ಗೇಟು ಗೃಹಪ್ರವೇಶದಿಂದ್ಲೂ ನೆಲ ಉಜ್ತೈತೆ. ಈ ಮಷೀನ್ ತಂದು ಅದುನ್ನೂ ಒಸಿ ಕುಯ್ಕೊಡು. ಎರಡ್ ದಿನ ಇದ್ದು ಹೋದಂಗಾಯ್ತದೆ."

ದೊಡ್ಡಪ್ಪ ಹೆಲ್ಮೆಟ್ಟು ತೆಗೆದರು. ಮುಖವೆಲ್ಲ ಬೆವರು. ಮಷೀನನ್ನು ತಿರುಗಿಸಿ ನೋಡಿದರು. ಕುಂಕುಮ ಹಾರಿಹೋಗಿ, ಗಾಳಿಯಾಡುವ ಸೀಳುಗಳಲ್ಲಿ ಮಾತ್ರ ಒಂದಿಷ್ಟು ಉಳಿದಿತ್ತು.

"ಅದುಕ್ಕೇ ಕಣ್ಲಾ ಒಳ್ಳೇದ್ ತಗೊಂಡಿದ್ದು," ಎಂದರು.

ಕಾಫಿ ಹಿಡಿದು ಮೆಟ್ಟಿಲ ತುದಿಗೆ ಬಂದಿದ್ದ ದೊಡ್ಡಮ್ಮ ಆ ಮಾತು ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಮುಖ ನೋಡಿದರು.

ದೀಪಾವಳಿಗೆ ಮೊದಲೇ ದೊಡ್ಡಪ್ಪ ಗುಬ್ಬಿಗೆ ಬಂದು ಗೇಟು ಸರಿಮಾಡಿದರು. ಅದಾದ ಮೇಲೆ ನಮ್ಮ ಹಜಾರದಲ್ಲಿ, ಕುರ್ಚಿಯ ಅಂಚಿನಲ್ಲೇ, ಕಾಲನ್ನು ಬಾಗಿಲ ಕಡೆ ಚಾಚಿ ಕೂತರು. ಜರ್ಕಿನ್ನು ಮಾತ್ರ ಗೋಡೆಯ ಮೊಳೆಯ ಮೇಲಿತ್ತು.

ಈಗ ಗುಬ್ಬಿ–ತುಮಕೂರು ಬಸ್ಸಿನಲ್ಲಿ ಓಡಾಡುವಾಗ ಕಂಬಿ ಬಿಟ್ಟ ತಾರಸಿಗಳೇ ನನ್ನ ಕಣ್ಣಿಗೆ ಬೀಳುತ್ತವೆ. ಅವುಗಳ ಕೆಳಗೆ ದೊಡ್ಡಪ್ಪನಂಥವರು ಎಷ್ಟು ಜನರಿದ್ದಾರೋ. ಕೇಳಬೇಕಾದವರ ಹತ್ತಿರ ಕೇಳಲಾರದ ಒಂದು ಪ್ರಶ್ನೆಯನ್ನು ಒಳಗಿಟ್ಟುಕೊಂಡು, ಅಂಗಡಿಯವರ ಹತ್ತಿರ ನೂರು ಪ್ರಶ್ನೆ ಕೇಳುತ್ತಾರೆ. ತಂದದ್ದನ್ನು ಕೊಟ್ಟು ಬರುತ್ತಾರೆ, ಕೊಟ್ಟದ್ದನ್ನು ತರುತ್ತಾರೆ. ಇವರಿಗೆ ಒಂದು ತೀರ್ಮಾನವೆಂಬುದಿಲ್ಲ ಎಂದು ನಾವು ನಗುತ್ತೇವೆ. ಆದರೆ ಯಾರೋ ಬರುತ್ತಾರೆ ಎಂದು ಅವರು ಎಂದೋ ತೀರ್ಮಾನ ಮಾಡಿಯಾಗಿರುತ್ತದೆ; ಬಂದಾಗ ಎಲ್ಲರಿಗಿಂತ ಮೊದಲು ಎದ್ದು ಬಾಗಿಲು ತೆರೆಯಬೇಕೆಂದೇ ಕುರ್ಚಿಯ ಅಂಚಿನಲ್ಲಿ ಕೂತಿರುತ್ತಾರೆ.