ಪೊಟ್ಟಣದ ಮೇಲಿನ ಅಂಗೈ

ಗಿರಾಕಿ ಪೊಟ್ಟಣಕ್ಕೆ ಕೈಚಾಚುವ ಮೊದಲೇ ಅದರ ಮೇಲೆ ಅಯ್ಯೂಬ್ ಸಾಹೇಬರ ಅಂಗೈ ಒರಗಿರುತ್ತಿತ್ತು. ಕೇಳಬೇಕಾದುದನ್ನು ಕೇಳಿ ಮುಗಿಸುವವರೆಗೆ ಅದು ಸರಿಯುತ್ತಿರಲಿಲ್ಲ. ಬೇರೆ ಯಾವ ಮಾತ್ರೆ ನುಂಗುತ್ತೀರಿ, ರಕ್ತದೊತ್ತಡ ಉಂಟೇ, ತಿನ್ನುವವರು ಬಸುರಿಯೇ ಎಂದು ಅರಬರನ್ನು ಅರಬಿಯಲ್ಲಿ, ಹೈದರಾಬಾದಿನವರನ್ನು ಉರ್ದುವಿನಲ್ಲಿ, ನಮ್ಮವರನ್ನು ಭಟ್ಕಳದ ಕನ್ನಡದಲ್ಲಿ ಒಂದೇ ತಗ್ಗಿದ ದನಿಯಲ್ಲಿ ವಿಚಾರಿಸುತ್ತಿದ್ದರು. ಜಿದ್ದಾದ ಹಳೆಯ ಪೇಟೆಯಲ್ಲಿದ್ದ ಅವರ ಗಿಡಮೂಲಿಕೆಯ ಅಂಗಡಿಯಲ್ಲಿ ಕಡಲಗಾಳಿ ಬೆವರನ್ನು ಆರಗೊಡುತ್ತಿರಲಿಲ್ಲ. ಆದರೂ ಅವರು ಬಿಳಿಯ ನಿಲುವಂಗಿಯ ಮೇಲೆ ಕಂದು ಉಣ್ಣೆಯ ತೋಳಿಲ್ಲದ ಕೋಟೊಂದನ್ನು ತೊಟ್ಟು, ಬಲಗಾಲ ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತ ಓಡಾಡುತ್ತಿದ್ದರು.

ಆ ಕೋಟು ಅವರದಲ್ಲ, ಲಿಂಗರಾಜುವಿನದು.

ಚಿತ್ರದುರ್ಗದ ಲಿಂಗರಾಜು ಅದೇ ಕರಾವಳಿಯ ಯಾನ್ಬು ಪಟ್ಟಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದವನು, ಅಯ್ಯೂಬರಿಗೆ ಒಂಬತ್ತು ವರ್ಷಗಳ ಗೆಳೆಯ. ತೊಂಬತ್ತಮೂರರಲ್ಲಿ ರಜೆಯ ಮೇಲೆ ಬೆಂಗಳೂರಿಗೆ ಹೋದವನು ಹೃದಯದ ಕವಾಟ ಬದಲಿಸಿಕೊಂಡು ಬಂದಿದ್ದ. ಮರುವರ್ಷ ಹಜ್ ಮುಗಿದ ಮೇಲೆ ಚೀನಾದ ಯಾತ್ರಿಕರು ಊರಿನಿಂದ ತಂದಿದ್ದ ಬೇರು, ಒಣಹಣ್ಣುಗಳನ್ನು ಪೇಟೆಯಲ್ಲಿ ಮಾರಿದಾಗ ಅಯ್ಯೂಬರೂ ಒಂದಿಷ್ಟು ಕೊಂಡರು. ಆ ವಾರವೇ ಅಂಗಡಿಗೆ ಬಂದ ಗೆಳೆಯನ ಬಿಳಿಚಿದ ಮುಖ ಕಂಡು ಅವರು ಹೊಸ ಸರಕಿನ ಚೀಲ ಬಿಚ್ಚಿದರು. ಘಾಟು ವಾಸನೆಯ ಬೇರಿನ ಚೂರುಗಳನ್ನೂ ದ್ರಾಕ್ಷಿಗಿಂತ ಸಣ್ಣ ಕೆಂಪು ಹಣ್ಣುಗಳನ್ನೂ ಕಾಗದದಲ್ಲಿ ಸುತ್ತಿ, "ರಕ್ತಕ್ಕೆ ಭಾರಿ ಒಳ್ಳೆಯದಂತೆ ಮಾರಾಯ, ದಿನಾ ಕುದಿಸಿ ಕುಡಿ" ಎಂದು ಕೈಗಿತ್ತರು. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಂತೆ ಆತ ನಿತ್ಯವೂ ಮಾತ್ರೆ ನುಂಗುತ್ತಿದ್ದನೆಂಬುದು ಅವರಿಗೆ ಗೊತ್ತಿರಲಿಲ್ಲ, ಏಕೆಂದರೆ ಅವರು ಕೇಳಿರಲಿಲ್ಲ.

ಮೂರನೆಯ ವಾರ ಲಿಂಗರಾಜುವಿನ ವಸಡಿನಲ್ಲಿ ರಕ್ತ ಜಿನುಗಿತು, ತೋಳುಗಳಲ್ಲಿ ನೀಲಿಯ ಕಲೆಗಳೆದ್ದವು. ಐದನೆಯ ವಾರ ಕಾರ್ಖಾನೆಯಲ್ಲಿ ಕುಸಿದುಬಿದ್ದ. ಮಿದುಳಿನೊಳಗೆ ರಕ್ತ ಸೋರಿ ಮೂರನೆಯ ದಿನ ತೀರಿಕೊಂಡ. ಏನೇನು ಸೇವಿಸುತ್ತಿದ್ದರೆಂದು ಆಸ್ಪತ್ರೆಯಲ್ಲಿದ್ದ ಸುಡಾನಿನ ವೈದ್ಯರು ಪತ್ನಿ ಭಾನುಮತಿಯನ್ನು ವಿಚಾರಿಸಿದರು. ಕಷಾಯದ ಸಂಗತಿ ತಿಳಿದಾಗ, ಅಂಥ ಮಾತ್ರೆ ನುಂಗುವವರು ಈ ಬೇರನ್ನೂ ಈ ಹಣ್ಣನ್ನೂ ಮುಟ್ಟಲೇಬಾರದು, ಮಾತ್ರೆಯ ಬಲವನ್ನು ಇವು ಮಿತಿಮೀರಿ ಏರಿಸಬಲ್ಲವು ಎಂದರು.

ಶವವನ್ನು ಊರಿಗೆ ಕಳುಹಿಸುವ ಕಾಗದಪತ್ರಗಳಿಗೆ ಇಪ್ಪತ್ತಾರು ದಿನ ಹಿಡಿಯಿತು. ಲಿಂಗರಾಜುವನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಸ್ಥಳೀಯ ಹೊಣೆಗಾರನ, ಅಂದರೆ ಕಫೀಲನ, ಸಹಿಗಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದವರು ಅಯ್ಯೂಬರೇ. ಭಾನುಮತಿ ಹೊರಡುವ ಹಿಂದಿನ ದಿನ, ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ನಿಂತು, ಅಯ್ಯೂಬರು ತಡೆಯಲಾರದೆ ಬಾಯಿಬಿಟ್ಟರು.

"ಅಮ್ಮಾ, ಆ ಬೇರು ಕೊಟ್ಟದ್ದು ನಾನು."

"ಗೊತ್ತಣ್ಣ. ಪ್ರೀತಿಯಿಂದಲೇ ಕೊಟ್ರಿ. ಒಂದು ಮಾತು ಕೇಳಿ ಕೊಡಬೇಕಾಗಿತ್ತು."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಕೆ ಪೆಟ್ಟಿಗೆಯಲ್ಲಿ ಹಿಡಿಸದ ಕೋಟೊಂದನ್ನು ಅವರ ಕೈಗಿಟ್ಟು, ಯಾರಿಗಾದರೂ ಕೊಟ್ಟುಬಿಡಿ ಎಂದು ಮುಖ ತಿರುಗಿಸಿದಳು. ಅವರು ಯಾರಿಗೂ ಕೊಡಲಿಲ್ಲ.

ಮುಂದಿನ ಹಜ್ಜಿನಲ್ಲಿ ಚೀನಾದ ಒಬ್ಬ ವೃದ್ಧ ಯಾತ್ರಿಕನನ್ನು ಕೂರಿಸಿಕೊಂಡು, ಹರಕು ಅರಬಿಯಲ್ಲಿ, ಕೈಸನ್ನೆಯಲ್ಲಿ, ಯಾವುದನ್ನು ಯಾರು ತಿನ್ನಬಾರದೆಂದು ಒಂದೊಂದಾಗಿ ಕೇಳಿದರು. ಬೇರು ಬಸುರಿಯರಿಗೆ ಸಲ್ಲದು, ಭೇದಿಯಾಗುವವರಿಗೂ ಬೇಡವೆಂದು ಆತ ಹೇಳಿದ. ಮಾತ್ರೆಯ ವಿಷಯ ಅವನಿಗೂ ತಿಳಿದಿರಲಿಲ್ಲ. ಸುಡಾನಿನ ವೈದ್ಯರು, ಜ್ಯೇಷ್ಠಮಧುವನ್ನು ಬಹುದಿನ ತಿಂದರೆ ರಕ್ತದೊತ್ತಡ ಏರುವುದೆಂದು ಸೇರಿಸಿದರು. ಎಲ್ಲವನ್ನೂ ಮೂರು ಲಿಪಿಗಳಲ್ಲಿ ಬರೆದು ಅಯ್ಯೂಬರು ಗೋಡೆಗೆ ಅಂಟಿಸಿದರು. ಓದಿದವರಿಗೆ ಮದ್ದಿನ ಮೇಲಲ್ಲ, ಮಾರುವವನ ಮೇಲೆ ಸಂಶಯ ಹುಟ್ಟಿತು. ನಾಲ್ಕು ತಿಂಗಳ ಬಸುರಿ ಫಖ್ರುನ್ನಿಸಾ, ಅವರ ಊರಿನವಳೇ, ಸೊಂಟನೋವಿಗೆಂದು ಅದೇ ಬೇರನ್ನು ಕೇಳಿ ಬಂದಳು.

"ನಿನಗೆ ಅದು ಆಗುವುದಿಲ್ಲ ಮಗಳೇ. ಡಾಕ್ಟರ ಹತ್ತಿರ ಹೋಗು."

"ಎಲ್ಲರೂ ತಿನ್ನುತ್ತಾರಲ್ಲ ಕಾಕಾ, ನಿಮಗೆ ಮಾತ್ರ ಎಂತ ಹೆದರಿಕೆ?"

ಗೆಳೆಯನ ಸಾವನ್ನು ಮೊದಲ ಬಾರಿಗೆ ಬೇರೊಬ್ಬರ ಮುಂದೆ ಬಿಚ್ಚಿಟ್ಟರು. ಆಕೆ ಮರುಗಿದಳು, ತಲೆದೂಗಿದಳು. ಹೊರಬಿದ್ದು, ಎದುರಿನ ಅಂಗಡಿಯಿಂದ ಅದನ್ನೇ ಕಟ್ಟಿಸಿಕೊಂಡು ಹೋದಳು. ತಿಂಗಳೊಳಗೆ ಬಸಿರು ಇಳಿಯಿತು. ಆ ಬೇರೇ ಕಾರಣವೋ, ದೇಹದ ಇನ್ನಾವುದೋ ದೋಷವೋ ಯಾರೂ ಹೇಳಲಾರರು. ಅಯ್ಯೂಬರು ಮಾತ್ರ ಮೂರು ದಿನ ಅಂಗಡಿ ತೆರೆಯಲಿಲ್ಲ.

ಗಿರಾಕಿಗಳನ್ನು ಓಡಿಸುವವನೆಂದು ಬೇಸತ್ತು, ಅವರ ಅಂಗಡಿಯ ಹೊಣೆಗಾರನಾಗಿದ್ದ ಕಫೀಲ ತೊಂಬತ್ತೇಳರಲ್ಲಿ ಅಂಗಡಿಯನ್ನು ಬೇರೊಬ್ಬನಿಗೆ ವಹಿಸಿದ. ಹೊಸಬ ಮೊದಲ ದಿನವೇ ಗೋಡೆಯ ಹಾಳೆಗಳನ್ನು ಕಿತ್ತು ಸುಣ್ಣ ಬಳಿಸಿದ. ಸಂಜೆಗೆ ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಅಯ್ಯೂಬರು ಭಟ್ಕಳಕ್ಕೆ ಮರಳಿ, ಮತ್ತೆ ಯಾವ ವ್ಯಾಪಾರವನ್ನೂ ಮಾಡಲಿಲ್ಲ.

ಮದ್ದಿನ ಗುಣವನ್ನು ಹೇಳುವವರ ಸುತ್ತ ಲೋಕ ಎಂದಿಗೂ ನೆರೆಯುತ್ತದೆ. ಅದು ಯಾರಿಗೆ ಸಲ್ಲದೆಂಬುದನ್ನು ಹೇಳುವವರು, ಆ ತಿಳಿವನ್ನು ಆಪ್ತರ ಜೀವವನ್ನೇ ತೆತ್ತು ಪಡೆದವರು, ಒಂಟಿಯಾಗುತ್ತಾರೆ. ಅವರ ಮಾತನ್ನು ನಂಬಲು ಇನ್ನೊಂದು ಸಾವು ಬೇಕಾಗುತ್ತದೆ. ಅದು ಸಂಭವಿಸಿದ ಮೇಲೂ ಜನ ಅದಕ್ಕೆ ಬೇರೆ ಹೆಸರಿಡುತ್ತಾರೆ. ಇಂಥವರು ಯಾರನ್ನು ಉಳಿಸಿದರೆಂಬುದು ಯಾರಿಗೂ ತಿಳಿಯುವುದಿಲ್ಲ, ಅವರಿಗಂತೂ ಎಂದೂ ತಿಳಿಯುವುದಿಲ್ಲ. ಉಳಿಸಲಾಗದವರ ಮುಖ ಮಾತ್ರ ಕಡೆಯವರೆಗೂ ಅವರ ಜೊತೆಗಿರುತ್ತದೆ.