ಹೋಗಿ ಬರ್ತೀನಿ

ನಮ್ಮನೆಯವರು ಬೀಗದ ಕೆಲಸದವರು. ಕೀಲಿ ಕಳೆದುಕೊಂಡವರ ಬಾಗಿಲು ತೆಗೆದುಕೊಡುವುದು, ಹೊಸ ಕೀಲಿ ಮಾಡಿಕೊಡುವುದು, ಇಷ್ಟೇ. ನಮ್ಮ ಮತದವರಲ್ಲಿ ಅರ್ಧಕ್ಕರ್ಧ ಜನರಿಗೆ ಇದೇ ಕಸುಬು. ಕೆಲಸ ಮುಗಿದ ಮೇಲೆ ಇವರು ಪೆಟ್ಟಿಗೆ ಎತ್ತಿಕೊಂಡು "ಹೋಗಿ ಬರ್ತೀನಿ" ಅನ್ನುತ್ತಿದ್ದರು. ಹೊಸ್ತಿಲಲ್ಲಿ ನಿಂತು ಯಾರಾದರೂ "ಹೋಗ್ತೀನಿ" ಅನ್ನುತ್ತಾರೆಯೇ? ಹಾಗಂದರೆ ಮತ್ತೆ ಬರುವುದೇ ಇಲ್ಲ ಅಂತ ಅರ್ಥ.

ಟಿವಿಯ ಹಾಸ್ಯ ಕಾರ್ಯಕ್ರಮದ ಒಬ್ಬ ಕೋಡಂಗಿಗೆ ಈ ಮಾತು ಸಿಕ್ಕಿಬಿಟ್ಟಿತು. ನಮ್ಮವರ ಹಾಗೆ ಬಟ್ಟೆ ತೊಟ್ಟು, ನಮ್ಮ ರಾಗವನ್ನೇ ಎಳೆದು, ಬೀಗ ಸರಿಮಾಡುತ್ತಾನೆ. ಮನೆಯ ಕಪಾಟಿನ ಕಡೆ ಒಮ್ಮೆ ನೋಡಿ, ಕಣ್ಣು ಹೊಡೆದು, "ಹೋಗಿ... ಬರ್ತೀನಿ!" ಅನ್ನುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ಮೊದಲ ದಿನ ಇವರೂ ಹೊಟ್ಟೆ ಹಿಡಿದುಕೊಂಡು, "ನನ್ನ ಥರಾನೇ ಮಾಡ್ತಾನಲ್ಲೇ!" ಅಂದರು.

ನನಗೆ ಮೈ ಉರಿಯಿತು. "ನಗೋರ ಮುಂದೆ ನೀವೇ ಎಡವಿ ಬೀಳ್ತಿದ್ದೀರಲ್ಲ!"

ಮೊದಲು ಬೀದಿಯ ಮಕ್ಕಳು ಇವರನ್ನು ಕಂಡು ಅದನ್ನೇ ಕೂಗಿದರು. ಆಮೇಲೆ ಗಿರಾಕಿಗಳು. ಹಿಂದೆಲ್ಲ ನೀರು ಕೊಟ್ಟು ಒಳಗೆ ಹೋಗುತ್ತಿದ್ದವರು ಈಗ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. "ತಮಾಷೆಗೆ ಕಣ್ರೀ" ಅನ್ನುತ್ತಿದ್ದರು, ಕುರ್ಚಿ ಬಿಟ್ಟು ಮಾತ್ರ ಏಳುತ್ತಿರಲಿಲ್ಲ.

ಮೇಲಿನ ಮನೆಯ ಟೀಚರಮ್ಮ ಹಾಗಲ್ಲ ಅಂದುಕೊಂಡಿದ್ದೆವು. ನನ್ನ ಬಾಣಂತನಕ್ಕೆ ಒದಗಿದವರು, ಇವರನ್ನು ಬಾಯ್ತುಂಬ "ತಮ್ಮಾ" ಅಂತ ಕರೆಯುವವರು. ಕಳೆದ ವಾರ ಇವರು ಅವರ ಕಪಾಟಿನ ಬೀಗ ಸರಿಮಾಡಿ ಬಂದರು. ಮರುದಿನ ಟೀಚರಮ್ಮನ ಚಿನ್ನದ ಬಳೆ ಕಾಣಲಿಲ್ಲ. ಪೊಲೀಸರು ಕೇಳಿದಾಗ ಆ ತಾಯಿ ಹೇಳಿದ್ದು ಒಂದೇ ಮಾತು: "ಹೋಗೋವಾಗ 'ಹೋಗಿ ಬರ್ತೀನಿ' ಅಂದ ಸಾರ್."

ಇವರನ್ನು ಅಂಗಡಿಯಿಂದಲೇ, ಎಲ್ಲರ ಕಣ್ಣೆದುರು ಕರೆದೊಯ್ದರು. ಠಾಣೆಯಲ್ಲಿ ಪೇದೆಯೊಬ್ಬ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿ ನಕ್ಕನಂತೆ. ಸಂಜೆಗೆ ಬಳೆ ಟೀಚರಮ್ಮನ ದಿಂಬಿನ ಕವರಿನಲ್ಲೇ ಸಿಕ್ಕಿತು, ಇವರನ್ನು ಬಿಟ್ಟರು. ಟೀಚರಮ್ಮ ಬಂದು ನನ್ನ ಕೈ ಹಿಡಿದುಕೊಂಡರು.

"ಏನೋ ಕಣಮ್ಮ, ಟಿವೀಲಿ ದಿನಾ ನೋಡಿ ನೋಡಿ ಹಂಗನ್ನಿಸಿಬಿಡ್ತು."

ನಾನು ಕೈ ಬಿಡಿಸಿಕೊಂಡೆ.

ಇವತ್ತು ಬೆಳಿಗ್ಗೆ ಇವರು ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲಿಗೆ ಬಂದರು.

"ಹೋಗ್ತೀನಿ."

ನಾನು ಒಳಗಿನಿಂದ ಓಡಿ ಬಂದೆ. "ಅಯ್ಯೋ, ಬಿಡ್ತು ಅನ್ನಿ! ಅದೇನಂತ ಆಡ್ತೀರಿ? ಹೋಗಿ ಬರ್ತೀನಿ ಅನ್ನಿ!"

ಇವರು ಮೆಟ್ಟಿಲ ಕಡೆ ನೋಡಿದರು. ಮೇಲಿನ ಮನೆಯ ಬಾಗಿಲು ಅರ್ಧ ತೆರೆದಿತ್ತು.

"ಮೆಲ್ಲಗೆ ಕಣೇ," ಅಂದರು. "ಯಾರಾದ್ರೂ ಕೇಳಿಸ್ಕೊಂಡಾರು."