ಕೂತು ನೋಡಿದ ನೀರು

ಸೋಫಾ ಮಾಡುವವನಿಗೆ ಲೋಕದ ವಸ್ತುವೆಲ್ಲ ಎರಡೇ ಬಗೆ: ಕೂರಲು ಬರುವುದು, ಬಾರದ್ದು. ಊರವರ ಸೊಂಟಕ್ಕೆಲ್ಲ ಸುಖ ಹೊಲಿದುಕೊಟ್ಟವನು ಅವನು. ಆದರೆ ಮೆಟ್ಟಿಲಿಂದ ಜಾರಿ ಬಿದ್ದ ಮೇಲೆ ಹೆಂಡತಿ ಮಾತ್ರ ಅವನು ಮಾಡಿದ ಯಾವುದರಲ್ಲೂ ಕೂರಲಾರದೆ ಹೋದಳು. ಕೂತರೆ ಸೊಂಟ ಹಿಡಿಯುತ್ತಿತ್ತು. ಊಟವನ್ನೂ ನಿಂತೇ ಮುಗಿಸುತ್ತಿದ್ದಳು. ಅವಳು ನಿಂತಿರುವಾಗ ತಾನು ಕೂತು ಉಣ್ಣುವ ತುತ್ತು ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೂತರೆ ಸಡಿಲವಾದೀತು ಎಂದು ಡಾಕ್ಟರು ಹೇಳಿದ್ದೇ ತಡ, ಹಾಟ್ ಟಬ್ ಅಂಗಡಿಗೆ ಅವಳನ್ನು ಹೊರಡಿಸಿದ.

ಅಂಗಡಿಯಲ್ಲಿ ಖಾಲಿ ಟಬ್ಬುಗಳು ಬಾಯಿ ತೆರೆದು ನಿದ್ದೆಹೋದಂತಿದ್ದವು. ಗಾಜಿನ ಮಾಡಿನಿಂದ ಬೆಳಕು ಮೆಲ್ಲಗೆ ಇಳಿದು ಅವುಗಳೊಳಗೆ ನಿಂತಿತ್ತು. ಅವನು ಚಪ್ಪಲಿ ಬಿಟ್ಟು ಒಂದೊಂದರಲ್ಲೂ ಇಳಿದ, ಕೂತ, ಒರಗಿದ, ಅಂಗೈಯಿಂದ ಒತ್ತಿ ನೋಡಿದ. ಕಡೆಗೆ ಒರಗಿ ಮಲಗುವ ಆಸನದ್ದೊಂದು ಮನಸ್ಸಿಗೆ ಹಿಡಿಸಿತು. ಬೆನ್ನಿನ ಬಳುಕು, ತೊಡೆಯ ತಗ್ಗು, ಎಲ್ಲ ಅವಳ ಅಳತೆ ತೆಗೆದೇ ಕೊರೆದಂತಿತ್ತು. ಹೆಂಡತಿಯ ಕಣ್ಣು ಮಾತ್ರ ಪಕ್ಕದ ದುಂಡನೆಯದರ ಮೇಲೆ. ಅದರಲ್ಲಿ ಸುತ್ತ ಒಂದು ಕಟ್ಟೆ ಬಿಟ್ಟರೆ ಬೇರೇನಿಲ್ಲ.

"ಅದು ಬಾವಿ ಇದ್ದಂಗಿದೆ ಕಣೇ. ಬೆನ್ನಿಗೆ ಆಸರೆ ಎಲ್ಲಿದೆ?" ಎಂದ.

"ನೀವು ಆಸರೆ ಕೊಟ್ಟು ಕೊಟ್ಟೇ ನನ್ನ ಬೆನ್ನು ಸೋಮಾರಿ ಆಗಿದ್ದು" ಎಂದಳು.

ಅಂಗಡಿಯಾಕೆ ನಗು ತಡೆದುಕೊಂಡು, ಇಂಥವೇ ಇನ್ನೆರಡು ಹಿಂದಿನ ಕೋಣೆಯಲ್ಲಿ ನೀರು ತುಂಬಿಕೊಂಡಿವೆ, ಇಳಿದೇ ನೋಡಬಹುದು ಎಂದು ಬದಲಿ ಬಟ್ಟೆ ಕೊಟ್ಟಳು.

ಆ ಕೋಣೆಯ ತುಂಬ ಆವಿ. ಗೋಡೆ ಎಲ್ಲಿ ಮುಗಿಯುತ್ತದೆಂದೇ ತಿಳಿಯದು. ಹೆಂಡತಿ ಮೊದಲು ಅವನು ಮೆಚ್ಚಿದ್ದರಲ್ಲಿ ಒರಗಿದಳು. ಒರಗಿದ್ದಷ್ಟೇ, ಕಾಲು ತೇಲಿತು, ಸೊಂಟ ತೇಲಿತು, ಅವಳಿಗೆಂದೇ ಕೊರೆದಂತಿದ್ದ ತಗ್ಗು ಕೆಳಗೆ ಒಂಟಿಯಾಗಿ ಉಳಿಯಿತು. ಅಂಚು ಹಿಡಿದು ಒದ್ದಾಡುವಾಗ ಸೊಂಟ ಚುಳ್ಳೆಂದಿತು. ಅವನ ಮುಖ ಇಳಿದುಹೋಯಿತು. ಮೈಭಾರ ನೋಡಿ ಆಸನ ಹೊಲಿಯುವವನಿಗೆ, ನೀರಿನಲ್ಲಿ ಆ ಭಾರವೇ ಇರುವುದಿಲ್ಲ ಎಂಬುದು ಹೊಳೆದಿರಲೇ ಇಲ್ಲ.

ಆಮೇಲೆ ದುಂಡನೆಯದು. ಕಟ್ಟೆಯ ಮೇಲೆ ಕೂತಳು, ಪಾದ ತಳಕ್ಕೆ ಊರಿತು, ನೀರು ಕುತ್ತಿಗೆಯವರೆಗೆ ಬಂತು. ಕಣ್ಣು ಮುಚ್ಚಿದಳು. ಈಗ ಏಳುತ್ತಾಳೆ ಎಂದು ಅವನು ಅಭ್ಯಾಸದಂತೆ ಕೈ ಚಾಚಿ ನಿಂತ. ಆವಿಯಲ್ಲಿ ಅವಳ ಮುಖ ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಕಂಡಾಗಲೆಲ್ಲ ಹಣೆಯ ಗಂಟು ಇನ್ನಷ್ಟು ಬಿಚ್ಚಿರುತ್ತಿತ್ತು. ಚಾಚಿದ ಕೈ ಸೋತಿತು.

"ಏಳ್ತೀಯೇನೇ?"

"ಯಾಕೆ?" ಎಂದಳು ಕಣ್ಣು ತೆರೆಯದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಪ್ಯಾಂಟು ಮಡಚಿ, ಅಂಚಿನ ಮೇಲೆ ಅವಳ ಭುಜದ ಪಕ್ಕ ಕೂತು, ಕಾಲನ್ನು ನೀರಿಗೆ ಇಳಿಬಿಟ್ಟ. ಇಬ್ಬರೂ ಕೂತಿದ್ದರು. ನೀರು ತನ್ನಷ್ಟಕ್ಕೆ ಗುಳುಗುಳು ಎನ್ನುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಅಂಗಡಿಯಾಕೆ ಬಾಗಿಲಲ್ಲಿ ಇಣುಕಿ, ಯಾವುದನ್ನು ಕಳಿಸಲಿ ಎಂದು ಕೇಳಿದಳು.

"ಇದನ್ನೇ. ಆದ್ರೆ ಸ್ವಲ್ಪ ತಡೀರಮ್ಮ" ಎಂದ ಅವನು, ಮಲಗಿದ ಮಗುವಿನ ಬಳಿ ಮಾತಾಡುವವನಂತೆ ದನಿ ತಗ್ಗಿಸಿ. "ನಮ್ಮನೆಯವಳು ಕೂತಿದಾಳೆ."